ಅಗ್ಗದ ಫಿಟ್‌ನೆಸ್ ಬ್ಯಾಂಡ್ ಕಟ್ಟಿಕೊಂಡವರಿಗೆ: ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು

ಎರಡು ಮೂರು ಸಾವಿರ ರೂಪಾಯಿಯ ಫಿಟ್‌ನೆಸ್ ಬ್ಯಾಂಡ್ ಕೊಂಡವರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡಕ್ಕೆ ಬ್ಯಾಂಡ್ ಹೇಳಿದ್ದೆಲ್ಲ ವೇದವಾಕ್ಯ. ಹೆಜ್ಜೆಯ ಲೆಕ್ಕ ಭರ್ತಿಯಾಗಲಿಲ್ಲವೆಂದು ಇವರು ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಾರೆ. ಇನ್ನೊಂದು ಪಂಗಡ ಮೊದಲ ವಾರದಲ್ಲೇ ಯಾವುದೋ ಒಂದು ತಪ್ಪು ಸಂಖ್ಯೆಯನ್ನು ಹಿಡಿದು, ದುಡ್ಡು ದಂಡ ಎಂದು ಬ್ಯಾಂಡನ್ನು ಮೇಜಿನ ಖಾನೆಗೆ ತಳ್ಳುತ್ತದೆ. ಇಬ್ಬರಿಗೂ ಸಲ್ಲಬೇಕಾದ ಒಂದು ಮಾತಿದೆ. ಈ ಬ್ಯಾಂಡ್ ನಿಜವಾಗಿ ಅಳೆಯುವುದು ಎರಡೇ ಸಂಗತಿಗಳನ್ನು: ನಿಮ್ಮ ಕೈಯ ಅಲುಗಾಟ ಮತ್ತು ಚರ್ಮದ ಕೆಳಗಿನ ರಕ್ತದಿಂದ ಮರಳಿ ಬರುವ ಬೆಳಕು. ಹೆಜ್ಜೆ, ದೂರ, ಕ್ಯಾಲೊರಿ, ನಿದ್ದೆ, ಒತ್ತಡ ಎಂದು ಪರದೆಯ ಮೇಲೆ ಕಾಣುವ ಉಳಿದೆಲ್ಲವೂ ಈ ಎರಡರಿಂದ ಹೆಣೆದ ಅಂದಾಜು. ಅಂದಾಜು ತಪ್ಪಬಹುದು. ಆದರೆ ಒಂದೇ ಬ್ಯಾಂಡ್ ಒಂದೇ ಕೈಯಲ್ಲಿದ್ದರೆ ತಪ್ಪು ಹೆಚ್ಚೂಕಡಿಮೆ ಒಂದೇ ದಿಕ್ಕಿನಲ್ಲಿರುತ್ತದೆ. ಸದಾ ಐವತ್ತು ಗ್ರಾಂ ಕಡಿಮೆ ತೋರಿಸುವ ತಕ್ಕಡಿಯಲ್ಲೂ ಮಗುವಿನ ತೂಕ ಏರಿದ್ದು ಗೊತ್ತಾಗುತ್ತದಲ್ಲ, ಹಾಗೆ. ಇಂದಿನ ಸಂಖ್ಯೆಯನ್ನು ನಿಮ್ಮದೇ ಕಳೆದ ತಿಂಗಳ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡುವವರಿಗೆ ಈ ಬ್ಯಾಂಡ್ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕೊಳ್ಳುವ ಮುನ್ನ

ಭಾರತದಲ್ಲಿ ಅಗ್ಗದ ಬ್ಯಾಂಡಿನ ರೂಢಿ ಬೆಳೆಸಿದ್ದು 2015ರಲ್ಲಿ 999 ರೂಪಾಯಿಗೆ ಬಂದ ಶಿಯೋಮಿಯ ಮೀ ಬ್ಯಾಂಡ್. ಅದಕ್ಕೆ ಪರದೆಯೇ ಇರಲಿಲ್ಲ. ಮೂರು ಪುಟ್ಟ ದೀಪಗಳಿದ್ದವು, ಅಷ್ಟೆ. ಈಗ ಅದಕ್ಕಿಂತ ತುಸು ಹೆಚ್ಚಿನ ಬೆಲೆಗೆ ಅಂಗೈ ಅಗಲದ ಪರದೆ, ಸ್ಪೀಕರ್, ಮೈಕ್ ಎಲ್ಲ ಇರುವ ವಾಚುಗಳು ಸಿಗುತ್ತವೆ. ನನ್ನ ಕೇಳಿದರೆ, ಆರೋಗ್ಯದ ಲೆಕ್ಕಕ್ಕೆ ಕಟ್ಟಿಕೊಳ್ಳುವವರು ಸಪೂರ ಬ್ಯಾಂಡನ್ನೇ ಆರಿಸಿಕೊಳ್ಳುವುದು ಮೇಲು. ದಪ್ಪ ವಾಚನ್ನು ರಾತ್ರಿ ಬಿಚ್ಚಿಡುತ್ತೀರಿ, ಅಲ್ಲಿಗೆ ನಿದ್ದೆಯ ಲೆಕ್ಕ ಹೋಯಿತು. ಕರೆ ಮಾಡುವ ವಾಚಿಗೆ ಎರಡು ಮೂರು ದಿನಕ್ಕೊಮ್ಮೆ ಚಾರ್ಜು ಬೇಕಾಗಬಹುದು. ಬಿಚ್ಚಿಟ್ಟದ್ದನ್ನು ಮತ್ತೆ ಕಟ್ಟಲು ಮರೆಯುತ್ತೀರಿ, ಅಲ್ಲಿಗೆ ಉಳಿದದ್ದೂ ಹೋಯಿತು.

ಕನ್ನಡ ಓದುವವರು ಮಾಡಲೇಬೇಕಾದ ಒಂದು ಪರೀಕ್ಷೆಯನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಅಂಗಡಿಯಲ್ಲಿ ಅಥವಾ ಗೆಳೆಯರ ಕೈಯಲ್ಲಿ ಅದೇ ಮಾದರಿಯ ಬ್ಯಾಂಡ್ ಇದ್ದರೆ, ಅವರ ಫೋನಿಗೆ ಒಂದು ಕನ್ನಡ ಸಂದೇಶ ಕಳಿಸಿ ನೋಡಿ. 'ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕು, ಲಕ್ಷ್ಮಿಗೂ ಹೇಳು' ಎಂಬಂಥ ಒತ್ತಕ್ಷರ ತುಂಬಿದ ವಾಕ್ಯವಿರಲಿ. ಅಗ್ಗದ ಬ್ಯಾಂಡುಗಳಲ್ಲಿ ಹಲವು ಕನ್ನಡದ ಜಾಗದಲ್ಲಿ ಬರೀ ಚೌಕಗಳ ಸಾಲನ್ನು ತೋರಿಸುತ್ತವೆ. ಇನ್ನು ಕೆಲವು ಅಕ್ಷರವನ್ನೇನೋ ತೋರಿಸುತ್ತವೆ. ಆದರೆ 'ಕ್ಷ್ಮಿ' ಬಿಡಿಬಿಡಿಯಾಗಿ ಕಳಚಿ, ಒತ್ತು ಒಂದು ಕಡೆ, ಗುಡಿಸು ಇನ್ನೊಂದು ಕಡೆ ನಿಂತಿರುತ್ತದೆ. ಮನೆಯವರೆಲ್ಲ ಕನ್ನಡದಲ್ಲೇ ಸಂದೇಶ ಕಳಿಸುವ ಕುಟುಂಬದಲ್ಲಿ ಅಂಥ ಬ್ಯಾಂಡ್ ನೋಟಿಫಿಕೇಶನ್ ಮಟ್ಟಿಗೆ ಶೂನ್ಯ.

ಪೆಟ್ಟಿಗೆಯ ಮೇಲೆ 'ರಕ್ತದ ಸಕ್ಕರೆ' ಎಂದು ಬರೆದಿದ್ದರೆ ಆ ಸಾಮಾನನ್ನು ಅಲ್ಲೇ ಬಿಟ್ಟು ಬನ್ನಿ. ಚರ್ಮ ಚುಚ್ಚದೆ ತಾನಾಗಿಯೇ ಸಕ್ಕರೆ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2024ರ ಫೆಬ್ರವರಿಯಲ್ಲಿ ಸಾರ್ವಜನಿಕ ಎಚ್ಚರಿಕೆ ಕೊಟ್ಟಿದೆ. ಅಂಥ ಯಾವ ಸಾಧನಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದಿದೆ. ಆ ಸಂಖ್ಯೆಯನ್ನು ನಂಬಿ ಇನ್ಸುಲಿನ್ ಪ್ರಮಾಣ ಬದಲಿಸಿದರೆ ಜೀವಕ್ಕೇ ಸಂಚಕಾರ. ತೋಳಿಗೆ ಗಾಳಿಪಟ್ಟಿ ಸುತ್ತದೆ ರಕ್ತದೊತ್ತಡ ಹೇಳುವ ಸಾವಿರ ರೂಪಾಯಿಯ ವಾಚನ್ನೂ ಇದೇ ಸಾಲಿಗೆ ಸೇರಿಸಿ.

ಕೊನೆಗೆ, ಆ ಮಾದರಿಗೆ ಬಿಡಿ ಪಟ್ಟಿ ಸುಲಭವಾಗಿ ಸಿಗುತ್ತದೆಯೇ ಎಂದು ನೋಡಿಕೊಳ್ಳಿ. ಯಂತ್ರಕ್ಕಿಂತ ಮೊದಲು ಹರಿಯುವುದು ಪಟ್ಟಿ.

ಮೊದಲ ದಿನದ ಕೆಲಸ

ಪೂರ್ತಿ ಚಾರ್ಜು ಮಾಡಿ, ಕಂಪನಿಯ ಆ್ಯಪ್ ಹಾಕಿಕೊಂಡು, ಆ್ಯಪ್ ಒಳಗಿನಿಂದಲೇ ಬ್ಯಾಂಡನ್ನು ಜೋಡಿಸಿ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಂಡಿತೆಂದು ಅಲ್ಲಿಂದ ನೇರವಾಗಿ ಜೋಡಿಸಲು ಹೋದರೆ ಆ್ಯಪ್‌ಗೆ ಅದು ಸಿಗದೆ ಒದ್ದಾಡುತ್ತದೆ.

ಎತ್ತರ, ತೂಕ, ಹುಟ್ಟಿದ ವರ್ಷ ಕೇಳಿದಾಗ ನಿಜ ಹೇಳಿ. ತೂಕದ ವಿಷಯದಲ್ಲಿ ಐದು ಕಿಲೋ ಕದಿಯುವುದು ನಮ್ಮ ಜಾಯಮಾನ, ಆದರೆ ಇಲ್ಲಿ ಕದ್ದರೆ ನಷ್ಟ ನಮಗೇ. ದೂರದ ಲೆಕ್ಕ ಎತ್ತರದಿಂದ, ಕ್ಯಾಲೊರಿಯ ಲೆಕ್ಕ ತೂಕದಿಂದ, ಹೃದಯ ಬಡಿತದ ಗರಿಷ್ಠ ಮಿತಿ ವಯಸ್ಸಿನಿಂದ ಹುಟ್ಟುತ್ತದೆ. ಎಡಗೈಯೋ ಬಲಗೈಯೋ ಎಂದೂ ಕೇಳುತ್ತದೆ. ಹೆಚ್ಚು ಕೆಲಸ ಮಾಡದ ಕೈಗೆ ಕಟ್ಟಿ, ಅದನ್ನೇ ನಮೂದಿಸಿ, ಆಮೇಲೆ ಕೈ ಬದಲಿಸಬೇಡಿ.

ಆ್ಯಂಡ್ರಾಯ್ಡ್ ಫೋನಿನವರಿಗೆ ಎರಡು ಮಾತು. ಆ್ಯಪ್ ಲೊಕೇಶನ್ ಅನುಮತಿ ಕೇಳಿದರೆ ಗಾಬರಿಯಾಗಬೇಡಿ. ಹಳೆಯ ಆ್ಯಂಡ್ರಾಯ್ಡ್‌ನಲ್ಲಿ ಸುತ್ತಲಿನ ಬ್ಲೂಟೂತ್ ಸಾಧನ ಹುಡುಕಲು ಆ ಅನುಮತಿ ಬೇಕೇ ಬೇಕು. ಆ್ಯಂಡ್ರಾಯ್ಡ್ 12ರಿಂದ ಅದಕ್ಕೆ ಪ್ರತ್ಯೇಕ ಅನುಮತಿ ಬಂದಿದೆ. ಸಂಪರ್ಕ ಪುಸ್ತಕ, ಕರೆಗಳ ಪಟ್ಟಿ ಕೇಳಿದರೆ ಮಾತ್ರ ಯೋಚಿಸಿ. ಕರೆ ಮಾಡಿದವರ ಹೆಸರು ಮಣಿಕಟ್ಟಿನಲ್ಲಿ ಕಾಣಬೇಕೆಂದಿದ್ದರೆ ಕೊಡಿ, ಇಲ್ಲದಿದ್ದರೆ ಬೇಡ. ಎರಡನೆಯದು, ಫೋನಿನ ಬ್ಯಾಟರಿ ಉಳಿತಾಯದ ವ್ಯವಸ್ಥೆ. ಅದು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಸದ್ದಿಲ್ಲದೆ ಮುಚ್ಚುತ್ತದೆ. 'ಬ್ಯಾಂಡ್ ಪದೇ ಪದೇ ಸಂಪರ್ಕ ಕಳೆದುಕೊಳ್ಳುತ್ತದೆ' ಎಂಬ ದೂರುಗಳಲ್ಲಿ ಬಹುಪಾಲಿನ ಮೂಲ ಇದೇ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ಹುಡುಕಿ, ಬ್ಯಾಟರಿ ವಿಭಾಗದಲ್ಲಿ ಅದಕ್ಕೆ ನಿರ್ಬಂಧವಿಲ್ಲ ಎಂದು ಗುರುತು ಹಾಕಿ.

ನೋಟಿಫಿಕೇಶನ್‌ಗಳನ್ನು ಮೊದಲು ಎಲ್ಲವನ್ನೂ ಮುಚ್ಚಿ, ಆಮೇಲೆ ಕರೆ ಮತ್ತು ಬೇಕಾದ ಒಂದೆರಡನ್ನು ಮಾತ್ರ ತೆರೆಯಿರಿ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನ ಶುಭೋದಯಗಳಿಗೆಲ್ಲ ಕೈ ನಡುಗುತ್ತಿದ್ದರೆ ಮೂರನೆಯ ದಿನ ಬ್ಯಾಂಡ್ ಕಿತ್ತೆಸೆಯಬೇಕೆನಿಸುತ್ತದೆ. ಶಬ್ದವಿಲ್ಲದ ಅಲಾರಂ ಮಾತ್ರ ಇಟ್ಟುಕೊಳ್ಳಿ. ಬೆಳಗಿನ ಐದಕ್ಕೆ ಪಕ್ಕದಲ್ಲಿ ಮಲಗಿದವರ ನಿದ್ದೆ ಕೆಡಿಸದೆ ಏಳಿಸುವ ಈ ಒಂದು ಸೌಕರ್ಯಕ್ಕೇ ಅರ್ಧ ಬೆಲೆ ಕೊಡಬಹುದು ಎಂಬುದು ನನ್ನ ಅಭಿಪ್ರಾಯ.

ಕಟ್ಟುವ ಜಾಗ

ಮಣಿಕಟ್ಟಿನ ಹೊರಬದಿಯಲ್ಲಿ ಉಬ್ಬಿದ ಮೂಳೆಯಿದೆಯಲ್ಲ, ಅದರ ಮೇಲೆ ಬ್ಯಾಂಡ್ ಕೂರಬಾರದು. ಅಲ್ಲಿಂದ ಮೊಣಕೈ ಕಡೆಗೆ ಒಂದು ಬೆರಳು ಬಿಟ್ಟು ಕಟ್ಟಿ. ಹಿಂಬದಿಯ ಹಸಿರು ದೀಪದ ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ರಕ್ತ ಏರಿಳಿದಂತೆ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಅದನ್ನು ಎಣಿಸುವುದೇ ಬಡಿತದ ಲೆಕ್ಕ. ಮೂಳೆಯ ಮೇಲೆ ಎತ್ತಿ ನಿಂತ ಬ್ಯಾಂಡಿನ ಕೆಳಗೆ ಹೊರಗಿನ ಬೆಳಕು ನುಗ್ಗಿದರೆ ಈ ಎಣಿಕೆ ಹದಗೆಡುತ್ತದೆ. ಅದೇ ಜಾಗದಲ್ಲಿ ಹಚ್ಚೆ ಇದ್ದರೂ ಕಷ್ಟ. ಶಾಯಿ ಬೆಳಕನ್ನು ತಡೆಯುತ್ತದೆ. ಚಳಿಗೆ ಕೈ ಮರಗಟ್ಟಿದಾಗ ಚರ್ಮದ ರಕ್ತಸಂಚಾರ ಕಡಿಮೆಯಾಗಿ ಸಂಖ್ಯೆ ಬರುವುದೇ ಇಲ್ಲ.

ದಿನವಿಡೀ ಕಿರುಬೆರಳು ತೂರುವಷ್ಟು ಸಡಿಲವಿರಲಿ. ಓಡುವಾಗ, ವ್ಯಾಯಾಮ ಮಾಡುವಾಗ ಒಂದು ತೂತು ಬಿಗಿ ಮಾಡಿ, ಮುಗಿದ ಮೇಲೆ ಮರೆಯದೆ ಸಡಿಲಿಸಿ.

ಹೆಜ್ಜೆಯ ಲೆಕ್ಕವನ್ನು ಪರೀಕ್ಷಿಸುವುದು

ಇದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಸುಲಭ ಕೂಡ. ಬ್ಯಾಂಡಿನ ಸಂಖ್ಯೆ ಬರೆದುಕೊಳ್ಳಿ. ಕೈ ಬೀಸಿಕೊಂಡು ನೂರು ಹೆಜ್ಜೆ ಎಣಿಸುತ್ತ ನಡೆಯಿರಿ, ನಿಂತು ಕ್ಷಣ ಕಾಯಿರಿ, ಮತ್ತೆ ನೋಡಿ. ಹೆಚ್ಚಿನ ಬ್ಯಾಂಡುಗಳು ಇದರಲ್ಲಿ ಪಾಸಾಗುತ್ತವೆ. ಮೊದಲ ಎಂಟು ಹತ್ತು ಹೆಜ್ಜೆ ತಡವಾಗಿ ಒಟ್ಟಿಗೇ ಸೇರುವುದನ್ನು ಕಾಣುತ್ತೀರಿ. ಇದು ನಿಜವಾದ ನಡಿಗೆಯೋ, ಸುಮ್ಮನೆ ಕೈ ಆಡಿಸಿದ್ದೋ ಎಂದು ಖಚಿತಪಡಿಸಿಕೊಳ್ಳಲು ಅದು ತೆಗೆದುಕೊಳ್ಳುವ ಸಮಯ ಅದು.

ಈಗ ಅದೇ ನೂರು ಹೆಜ್ಜೆಯನ್ನು ಬ್ಯಾಂಡ್ ಕಟ್ಟಿದ ಕೈಯಲ್ಲಿ ತರಕಾರಿ ಚೀಲ ಹಿಡಿದು ನಡೆಯಿರಿ. ಆಮೇಲೆ ಆ ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟು ನಡೆಯಿರಿ. ಸೂಪರ್‌ಮಾರ್ಕೆಟ್‌ನ ತಳ್ಳುಗಾಡಿಯನ್ನೋ ಮಗುವಿನ ಗಾಡಿಯನ್ನೋ ತಳ್ಳುತ್ತ ನಡೆದು ನೋಡಿ. ಕಾಲು ನಡೆಯುತ್ತಿದ್ದರೂ ಕೈ ಕದಲದ ಕಾರಣ ಲೆಕ್ಕ ಕುಸಿಯುತ್ತದೆ. ಗಾಡಿಯ ವಿಷಯದಲ್ಲಂತೂ ಬಹುತೇಕ ಮಾಯವೇ ಆಗಬಹುದು. ಉಲ್ಟಾ ಪರೀಕ್ಷೆ ಅಡುಗೆಮನೆಯಲ್ಲಿ. ನಿಂತಲ್ಲೇ ಚಪಾತಿ ಲಟ್ಟಿಸಿ, ಬಟ್ಟೆ ಕುಕ್ಕಿ, ಮಜ್ಜಿಗೆ ಕಡೆಯಿರಿ. ಲಟ್ಟಣಿಗೆಯ ತಾಳ ನಡಿಗೆಯ ತಾಳಕ್ಕೆ ಹತ್ತಿರವಿದ್ದರೆ ಹಿಟ್ಟು ಮುಗಿಯುವಷ್ಟರಲ್ಲಿ ಒಂದಷ್ಟು ಪುಕ್ಕಟೆ ಹೆಜ್ಜೆಗಳು ಖಾತೆಗೆ ಜಮೆಯಾಗಿರುತ್ತವೆ. ಹೊಂಡ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೂ ಅಷ್ಟೇ. (ಬೆಂಗಳೂರಿನವರು ಈ ಬಾಬತ್ತಿನಲ್ಲಿ ಅದೃಷ್ಟವಂತರು.)

ನಿಮ್ಮ ದಿನಚರಿಯಲ್ಲಿ ಇವುಗಳಲ್ಲಿ ಯಾವುದು ಹೆಚ್ಚು ಎಂದು ತಿಳಿದರೆ ಲೆಕ್ಕ ಯಾವ ಕಡೆಗೆ ವಾಲುತ್ತದೆಂದು ತಿಳಿಯಿತು. ಅಷ್ಟು ಸಾಕು.

ದೂರದ ವಿಷಯ ಬೇರೆ. ಬಹುತೇಕ ಅಗ್ಗದ ಬ್ಯಾಂಡುಗಳಲ್ಲಿ ಜಿಪಿಎಸ್ ಇರುವುದಿಲ್ಲ. ಹೆಜ್ಜೆಯನ್ನು ಅಂದಾಜಿನ ಹೆಜ್ಜೆಯಳತೆಯಿಂದ ಗುಣಿಸಿ ದೂರ ಹೇಳುತ್ತವೆ. ಊರಿನ ಕ್ರೀಡಾಂಗಣದಲ್ಲಿ 400 ಮೀಟರ್ ಟ್ರ್ಯಾಕ್ ಇದ್ದರೆ ಒಳಗಿನ ಲೇನಿನಲ್ಲಿ ಎರಡು ಸುತ್ತು ನಡೆದು ನೋಡಿ, 0.8 ಕಿ.ಮೀ. ಬರಬೇಕು. ಹೆಜ್ಜೆಯಳತೆ ತಿದ್ದುವ ಅವಕಾಶ ಆ್ಯಪ್‌ನಲ್ಲಿದ್ದರೆ ತಿದ್ದಿ. ಇಲ್ಲದಿದ್ದರೆ ದೂರ ಬೇಕಾದ ದಿನ ಫೋನನ್ನು ಜೇಬಿನಲ್ಲಿಟ್ಟು, ಹೊರಾಂಗಣ ನಡಿಗೆಯ ಆಯ್ಕೆ ಒತ್ತಿ ಹೊರಡಿ. ಆಗ ಫೋನಿನ ಜಿಪಿಎಸ್ ಲೆಕ್ಕಕ್ಕೆ ಬರುತ್ತದೆ.

ಎತ್ತರದ ವಿಷಯದಲ್ಲಿ ಇವು ಇನ್ನೂ ಮುಗ್ಧ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಚಿಲ್ಲರೆ ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿ ಮೇಲೆ ನಿಂತು ನೋಡಿದರೆ, ಸಮತಟ್ಟಾದ ರಸ್ತೆಯಲ್ಲಿ ಒಂದು ಸಣ್ಣ ಸುತ್ತು ಹಾಕಿದಷ್ಟು ಹೆಜ್ಜೆ ಮಾತ್ರ ತೋರಿಸುತ್ತದೆ. ಗಾಳಿಯ ಒತ್ತಡ ಅಳೆಯುವ ಬ್ಯಾರೊಮೀಟರ್ ಇಲ್ಲದ ಬ್ಯಾಂಡಿಗೆ ನೀವು ಏರಿದ್ದು ಗೊತ್ತಾಗುವ ದಾರಿಯೇ ಇಲ್ಲ. ಆ ದಿನದ ಶ್ರಮ ಬಡಿತದ ಗೆರೆಯಲ್ಲಿ ಕಾಣುತ್ತದೆ, ಅಲ್ಲಿ ನೋಡಿ.

ಇನ್ನು ಹತ್ತು ಸಾವಿರ ಹೆಜ್ಜೆಯ ವ್ರತ. ಆ ಸಂಖ್ಯೆ ಯಾವ ವೈದ್ಯಕೀಯ ಸಂಶೋಧನೆಯಿಂದಲೂ ಬಂದದ್ದಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಬಳಸಿದ ಸಂಖ್ಯೆ ಅದು. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಸುಮಾರು 17 ಸಾವಿರ ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಮೊದಲ ವಾರ ಗುರಿಯನ್ನೇ ಇಡಬೇಡಿ. ಎಂದಿನಂತೆ ಬದುಕಿ, ವಾರದ ಸರಾಸರಿ ತೆಗೆಯಿರಿ. ಅದು 3,500 ಇದ್ದರೆ ಮುಂದಿನ ವಾರದ ಗುರಿ 4,500. ಹೆಜ್ಜೆಯ ಜೊತೆಗೆ ಬಿರುಸು ನಡಿಗೆಯ ನಿಮಿಷಗಳನ್ನೂ ನೋಡಿ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಮಾತನಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ವೇಗದ ನಡಿಗೆ ಎಂದಿಟ್ಟುಕೊಳ್ಳಿ.

ಹೃದಯ ಬಡಿತ

ವಿಶ್ರಾಂತಿಯ ಬಡಿತವೇ ಈ ಬ್ಯಾಂಡ್ ಕೊಡುವ ಅತ್ಯಂತ ಬೆಲೆಯುಳ್ಳ ಸಂಖ್ಯೆ. ಕೈ ಅಲುಗದಿದ್ದಾಗ ಬೆಳಕಿನ ಎಣಿಕೆ ಸಾಕಷ್ಟು ಸರಿಯಾಗಿರುತ್ತದೆ. ನಂಬಿಕೆ ಬಾರದಿದ್ದರೆ ಬೆಳಿಗ್ಗೆ ಏಳುವ ಮುನ್ನ ಇನ್ನೊಂದು ಕೈಯ ನಾಡಿ ಹಿಡಿದು 30 ಸೆಕೆಂಡ್ ಎಣಿಸಿ ದ್ವಿಗುಣ ಮಾಡಿ, ಹೋಲಿಸಿ. ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಸಾಮಾನ್ಯ. ಚೆನ್ನಾಗಿ ವ್ಯಾಯಾಮ ಮಾಡುವವರಲ್ಲಿ ಇನ್ನೂ ಕಡಿಮೆಯಿರಬಹುದು. ಒಂದು ದಿನದ ಸಂಖ್ಯೆಗೆ ತಲೆ ಕೆಡಿಸಿಕೊಳ್ಳಬೇಡಿ. ತಿಂಗಳ ಗೆರೆಯನ್ನು ನೋಡಿ. ನಡಿಗೆ ರೂಢಿಯಾದಂತೆ ಅದು ನಿಧಾನವಾಗಿ ಇಳಿಯಬಹುದು. ಜ್ವರ, ನಿದ್ದೆಗೇಡು, ಮದ್ಯ ಇವು ಅದನ್ನು ಏರಿಸುತ್ತವೆ. ಕಾರಣವಿಲ್ಲದೆ ಹಲವು ದಿನ ಏರಿಯೇ ಇದ್ದರೆ, ಅಥವಾ ಎದೆ ನೋವು, ತಲೆಸುತ್ತು ಜೊತೆಗಿದ್ದರೆ, ವೈದ್ಯರ ಬಳಿ ಹೋಗಿ. ಎದೆ ನೋಯುತ್ತಿರುವಾಗ ಬ್ಯಾಂಡ್ 72 ತೋರಿಸುತ್ತಿದೆ ಎಂದು ಮನೆಯಲ್ಲಿ ಕೂರುವುದು ಮೂರ್ಖತನ.

ಓಡುವಾಗಿನ ಸಂಖ್ಯೆ ಅಷ್ಟು ಭರವಸೆಯದಲ್ಲ. ನಿಮಿಷಕ್ಕೆ 160 ಹೆಜ್ಜೆ ಹಾಕುತ್ತಿದ್ದರೆ ಕೆಲವೊಮ್ಮೆ ಬ್ಯಾಂಡ್ ಕೈ ಕುಲುಕಾಟವನ್ನೇ ಬಡಿತವೆಂದು ಹಿಡಿದು 160 ಎಂದು ಪಟ್ಟಾಗಿ ಕೂರುತ್ತದೆ. ಒಂದು ಸಂಖ್ಯೆ ಕದಲದೆ ನಿಂತರೆ ಅನುಮಾನಿಸಿ, ಪಟ್ಟಿ ಬಿಗಿ ಮಾಡಿ.

ಬದನೆಕಾಯಿಗೋ ಬಾಟಲಿಗೋ ಕಟ್ಟಿ, 'ನೋಡಿ, ಇದಕ್ಕೂ ಬಡಿತ ಇದೆ' ಎಂದು ನಗುವ ವಿಡಿಯೊಗಳನ್ನು ನೀವು ನೋಡಿರಬಹುದು. ಅದರಿಂದ ಬ್ಯಾಂಡ್ ನಕಲಿ ಎಂದು ಸಾಬೀತಾಗುವುದಿಲ್ಲ. ಒಳ್ಳೆಯ ದುಬಾರಿ ವಾಚುಗಳೂ ಹೀಗೆ ಬೇಸ್ತು ಬೀಳುತ್ತವೆ, ಮರಳಿ ಬಂದ ಬೆಳಕಿನಲ್ಲಿ ಏನಾದರೂ ತಾಳ ಹುಡುಕುವುದೇ ಅವುಗಳ ಕೆಲಸ.

ಉಳಿದವು

ಕ್ಯಾಲೊರಿ: ನೋಡಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ನಿಖರವಾದದ್ದೇ ಸರಾಸರಿ 27 ಶೇಕಡಾ ತಪ್ಪು ಹೇಳಿತು. ಕಳಪೆಯದು 93 ಶೇಕಡಾ. ಅವು ಅಗ್ಗದವೂ ಆಗಿರಲಿಲ್ಲ. 'ಇವತ್ತು 300 ಕರಗಿಸಿದೆ' ಎಂದು ಎರಡು ಹೋಳಿಗೆ ಹೆಚ್ಚಿಗೆ ತಿಂದರೆ ಆ ಲೆಕ್ಕಕ್ಕೆ ಬ್ಯಾಂಡ್ ಹೊಣೆಯಲ್ಲ.

ನಿದ್ದೆ: ಮಲಗಿದ ಹೊತ್ತು, ಎದ್ದ ಹೊತ್ತು ಸುಮಾರಾಗಿ ಸರಿ. ಗಾಢ ನಿದ್ದೆ, ಕನಸಿನ ನಿದ್ದೆ ಎಂಬ ಬಣ್ಣದ ಪಟ್ಟಿಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಅವನ್ನು ಸರಿಯಾಗಿ ತಿಳಿಯಲು ತಲೆಗೆ ತಂತಿ ಅಂಟಿಸಿ ಮಿದುಳಿನ ತರಂಗ ನೋಡಬೇಕು. ಧಾರಾವಾಹಿ ನೋಡುತ್ತ ಸೋಫಾದಲ್ಲಿ ಅಲುಗಾಡದೆ ಕುಳಿತದ್ದೂ ನಿದ್ದೆಯಾಗಿ ದಾಖಲಾಗುವುದುಂಟು.

ಆಕ್ಸಿಜನ್: 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಸಿಗದೆ ಅನೇಕರು ಬ್ಯಾಂಡನ್ನೇ ನಂಬಿದ್ದರು. ಇದು ವೈದ್ಯಕೀಯ ಉಪಕರಣವಲ್ಲ. ಮಣಿಕಟ್ಟು ತುಸು ವಾಲಿದರೂ 98 ಇದ್ದದ್ದು 91 ಆಗಬಹುದು. ಉಸಿರಾಟದ ತೊಂದರೆ ಇರುವವರ ಮನೆಯಲ್ಲಿ ಬೆರಳಿನ ಉಪಕರಣವೇ ಇರಲಿ.

ಒತ್ತಡ: ಬಡಿತಗಳ ನಡುವಿನ ಅಂತರ ನೋಡಿ ಹೇಳುವ ಅಂದಾಜು. ಮನೆಯವರ ಮುಖ ನೋಡಿದರೆ ಇದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಬೆವರು, ನೀರು, ಚಾರ್ಜು

ಪಟ್ಟಿಯ ಕೆಳಗೆ ತುರಿಕೆ, ಕೆಂಪು ಗುಳ್ಳೆ ಕಂಡರೆ ಹೆಚ್ಚಿನ ಬಾರಿ ಕಾರಣ ಅಲ್ಲಿ ಉಳಿದ ಬೆವರು ಮತ್ತು ಸೋಪಿನ ನೊರೆ. ಕರಾವಳಿಯ ಸೆಕೆಯಲ್ಲಿ ಇದು ಇನ್ನೂ ಬೇಗ. ದಿನಕ್ಕೊಮ್ಮೆ ಬಿಚ್ಚಿ, ಪಟ್ಟಿಯನ್ನು ಬರೀ ನೀರಿನಲ್ಲಿ ತೊಳೆದು, ಕೈಯನ್ನೂ ಒರೆಸಿ, ಎರಡೂ ಒಣಗಿದ ಮೇಲೆ ಕಟ್ಟಿ. ಸ್ನಾನದ ಹೊತ್ತು ಅದಕ್ಕೆ ಪ್ರಶಸ್ತ, ಚಾರ್ಜಿಗೂ ಅದೇ ಹೊತ್ತು ಒಳ್ಳೆಯದು. ಲೋಹದ ಕೊಂಡಿ ತಾಗಿದಲ್ಲಿ ಮಾತ್ರ ಗುಳ್ಳೆ ಎದ್ದರೆ ನಿಕ್ಕಲ್ ಒಗ್ಗದಿರಬಹುದು. ಬಟ್ಟೆಯ ಪಟ್ಟಿಗೆ ಬದಲಾಯಿಸಿ. ವಾಸಿಯಾಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ನೀರು ತಡೆಯುವ ಮಿತಿ '50 ಮೀಟರ್' ಎಂದು ಬರೆದದ್ದು ಪ್ರಯೋಗಾಲಯದ ನಿಂತ ನೀರಿನ ಒತ್ತಡದ ಲೆಕ್ಕ. ಮಳೆ, ಕೈತೊಳೆ, ಈಜುಕೊಳ ಸರಿ. ಹಂಡೆಯ ಬಿಸಿನೀರು, ಹಬೆ, ಸೋಪು ಬೇಡ. ಶಾಖಕ್ಕೆ ಒಳಗಿನ ರಬ್ಬರ್ ಅಂಚು ಸಡಿಲವಾಗುತ್ತದೆ. ದೀಪಾವಳಿಯ ಎಣ್ಣೆಸ್ನಾನಕ್ಕಂತೂ ಬಿಚ್ಚಿಡಿ.

ಚಾರ್ಜಿಗೆ ಫೋನಿನ 65 ವ್ಯಾಟ್ ಚಾರ್ಜರ್ ಬೇಡ. ಹಳೆಯ 5 ವೋಲ್ಟ್, 1 ಆಂಪಿಯರ್ ಚಾರ್ಜರ್ ಅಥವಾ ಕಂಪ್ಯೂಟರಿನ ಯುಎಸ್‌ಬಿ ಕಿಂಡಿ ಸಾಕು. ಚಾರ್ಜ್ ಆಗುತ್ತಿಲ್ಲವೆಂದು ಅಂಗಡಿಗೆ ಓಡುವ ಮುನ್ನ ಹಿಂಬದಿಯ ಎರಡು ಹಿತ್ತಾಳೆ ಬಣ್ಣದ ಚುಕ್ಕಿಗಳನ್ನು ನೋಡಿ. ಬೆವರಿನ ಉಪ್ಪು ಅಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಒಣ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಬಹಳಷ್ಟು ಬ್ಯಾಂಡುಗಳು ಎದ್ದು ಕೂರುತ್ತವೆ. ಪರದೆ ಸದಾ ಉರಿಯುವ ಆಯ್ಕೆಯನ್ನೂ, ಕೈ ಎತ್ತಿದೊಡನೆ ಬೆಳಗುವುದನ್ನೂ ನಿಲ್ಲಿಸಿದರೆ ಚಾರ್ಜು ಎಷ್ಟೋ ದಿನ ಹೆಚ್ಚಿಗೆ ಬರುತ್ತದೆ.

ಅಪ್ಪ ಅಮ್ಮನಿಗೆ ಕೊಡುವಾಗ

ಊರಿನಲ್ಲಿರುವ ಹಿರಿಯರಿಗೆ ಇದನ್ನು ಉಡುಗೊರೆ ಕೊಡುವವರು ಈಗ ಬಹಳ ಜನ. ಪೆಟ್ಟಿಗೆ ಕೊಟ್ಟು ಬಂದುಬಿಡಬೇಡಿ. ಅವರ ಫೋನಿನಲ್ಲೇ ಜೋಡಿಸಿ, ಅಕ್ಷರ ದೊಡ್ಡದಿರುವ, ಸಮಯ ಮತ್ತು ಹೆಜ್ಜೆ ಮಾತ್ರ ಕಾಣುವ ಮುಖಪರದೆ ಹಾಕಿ. ಎದ್ದು ಓಡಾಡಿ ಎಂದು ಗಂಟೆಗೊಮ್ಮೆ ನೆನಪಿಸುವ ಆಯ್ಕೆಯನ್ನು ತೆಗೆದುಬಿಡಿ. 'ಏನಪ್ಪ ಇದು, ಕಾಲು ನೋವೆಂದು ಒಂದು ಗಳಿಗೆ ಕೂತರೆ ಸಾಕು, ಬೈಯುತ್ತದಲ್ಲ' ಎಂದು ಅಮ್ಮ ಫೋನಿನಲ್ಲಿ ಕೇಳಿದರೆ ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಬಡಿತ ಹೆಚ್ಚಾದರೆ ಎಚ್ಚರಿಸುವ ಮಿತಿಯನ್ನು ಅವರ ವೈದ್ಯರನ್ನು ಕೇಳಿ ಇಡಿ. ತೀರಾ ಕಡಿಮೆ ಇಟ್ಟರೆ ದೇವರ ಮನೆಗೆ ಮೆಟ್ಟಿಲು ಹತ್ತಿದಾಗಲೆಲ್ಲ ಅದು ಕೂಗಿ, ಇಲ್ಲದ ಭಯ ಹುಟ್ಟಿಸುತ್ತದೆ. ಎದೆಯೊಳಗೆ ಪೇಸ್‌ಮೇಕರ್ ಇರುವವರಾದರೆ ಬ್ಯಾಂಡ್ ಕೊಡಿಸುವ ಮುನ್ನವೇ ಹೃದ್ರೋಗ ತಜ್ಞರ ಒಪ್ಪಿಗೆ ಪಡೆಯಿರಿ.

ನೀವು ಬಳಸಿದ ಹಳೆಯದನ್ನೇ ಕೊಡುವುದಾದರೆ, ಮೊದಲು ನಿಮ್ಮ ಆ್ಯಪ್‌ನಿಂದ ಅದರ ನಂಟು ಕಳಚಿ, ಬ್ಯಾಂಡಿನ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಒತ್ತಿ. ಅನೇಕ ಬ್ಯಾಂಡುಗಳು ಒಂದು ಖಾತೆಗೆ ಗಂಟು ಬಿದ್ದಿರುತ್ತವೆ. ಬಿಡಿಸದೆ ಕೊಟ್ಟರೆ ಆ ಕಡೆಯವರ ಫೋನಿಗೆ ಜೋಡಣೆಯಾಗುವುದಿಲ್ಲ. ಬೇರೆ ಊರಿಗೆ ಕೊರಿಯರ್ ಮಾಡಿದ ಮೇಲೆ ಇದು ಗೊತ್ತಾದರೆ, ಅವರ ಕೈಯಲ್ಲಿ ಫೋನಿನ ಮೂಲಕ ರೀಸೆಟ್ ಮಾಡಿಸುವುದರಲ್ಲಿ ಒಂದು ಭಾನುವಾರ ಕಳೆಯುತ್ತದೆ. ಬ್ಯಾಟರಿ ಪೂರ್ತಿ ಸತ್ತುಹೋಗಿದ್ದರೆ ಅದನ್ನು ಬದಲಿಸಿಕೊಡುವವರು ಸಿಗುವುದು ಅಪರೂಪ. ಒಳಗಿರುವುದು ಲಿಥಿಯಂ ಆದ್ದರಿಂದ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಪಡೆಯುವ ಕೇಂದ್ರಕ್ಕೆ ಕೊಡಿ, ಪಟ್ಟಿ ಚೆನ್ನಾಗಿದ್ದರೆ ಮಾತ್ರ ಬಿಚ್ಚಿ ಇಟ್ಟುಕೊಳ್ಳಿ.